ವಹಿಯಿಂದ ಗಣಕಯಂತ್ರಕ್ಕೆ: ಅಕ್ಷರಗಳಲ್ಲೇ ಸ್ವರಲಿಪಿ ಬರೆಯುವ ತಂತ್ರಾಂಶ

ಬೆಳಗಾವಿ: ಹಿಂದುಸ್ತಾನಿ ಸಂಗೀತ ಕಲಿತವರ ಮನೆಗಳಲ್ಲಿ ತಂಬೂರಿ, ಹಾರ್ಮೋನಿಯಂಗಳಷ್ಟೇ ಜೋಪಾನವಾಗಿ ಉಳಿದುಬಂದಿರುವ ಇನ್ನೊಂದು ವಸ್ತುವಿದೆ. ಅದು ಗುರುಗಳ ಎದುರು ಕುಳಿತು ಚೀಜುಗಳನ್ನು ಬರೆದುಕೊಂಡ ವಹಿ. ಶಾಯಿ ಮಾಸಿದ, ಅಂಚು ಹರಿದ ಈ ಹಾಳೆಗಳಲ್ಲಿ ಸ್ವರಗಳು ಕೆಲವೊಮ್ಮೆ ಕನ್ನಡದಲ್ಲಿ, ಕೆಲವೊಮ್ಮೆ ದೇವನಾಗರಿಯಲ್ಲಿ ಇರುತ್ತವೆ. ಪಶ್ಚಿಮ ಘಟ್ಟದ ಅಂಚಿನಲ್ಲಿರುವ ಖಾನಾಪುರ ತಾಲ್ಲೂಕಿನ ಮಳೆಗಾಲದ ತೇವಕ್ಕೆ ಕಾಗದ ಬಹುಕಾಲ ಬಾಳುವುದಿಲ್ಲ. ವಹಿ ನಾಶವಾದರೆ ಅದರಲ್ಲಿದ್ದ ಚೀಜು ಬೇರೊಬ್ಬರ ಕಂಠದಲ್ಲಿ ಉಳಿದಿದ್ದರೆ ಉಂಟು, ಇಲ್ಲವಾದರೆ ಇಲ್ಲ.

ಇಂಥ ಬರಹವನ್ನು ಗಣಕಯಂತ್ರಕ್ಕೆ ಇಳಿಸಲು ಹಲವು ದಾರಿಗಳಿವೆ. ಪುಟದ ಛಾಯಾಚಿತ್ರ ತೆಗೆದಿಡುವುದು ಅತ್ಯಂತ ಸುಲಭ. ಆದರೆ ಚಿತ್ರದಲ್ಲಿ ಸ್ವರವನ್ನು ಹುಡುಕಲಾಗದು, ತಿದ್ದಲಾಗದು, ಇನ್ನೊಂದು ಶ್ರುತಿಗೆ ಬದಲಾಯಿಸಲಾಗದು. ಈ ಮೂರೂ ಅನುಕೂಲಗಳನ್ನು ಕೊಡುವ ದಾರಿಯೆಂದರೆ ಅಕ್ಷರ ಆಧಾರಿತ ಸ್ವರಲಿಪಿ ತಂತ್ರಾಂಶ. ಇದರಲ್ಲಿ ಮೌಸ್ ಹಿಡಿದು ಗೆರೆಗಳ ಮೇಲೆ ಸ್ವರಚಿಹ್ನೆಗಳನ್ನು ಕೂರಿಸುವ ಕೆಲಸವಿಲ್ಲ. ಪತ್ರ ಬರೆದಂತೆ ಸ್ವರಗಳನ್ನು ಕೀಲಿಮಣೆಯಿಂದ ಅಕ್ಷರಗಳಲ್ಲಿ ಬರೆಯಬೇಕು. ಆ ಬರಹವನ್ನು ಓದಿ ಮುದ್ರಣಕ್ಕೆ ಸಿದ್ಧವಾದ ಪುಟವನ್ನು ರಚಿಸುವುದು ತಂತ್ರಾಂಶದ ಹೊಣೆ.

ಅಕ್ಷರ ಸ್ವರಲಿಪಿ ಹೊಸದಲ್ಲ

ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಪಂಡಿತ ಕುಮಾರ ಗಂಧರ್ವರನ್ನೂ, ಹಾರ್ಮೋನಿಯಂ ವಾದಕ ಪಂಡಿತ ರಾಮಭಾವು ವಿಜಾಪುರೆ (1917-2010) ಅವರನ್ನೂ ಕಂಡ ಈ ಭಾಗದ ಸಂಗೀತ ವಿದ್ಯಾರ್ಥಿಗೆ ಅಕ್ಷರದಲ್ಲಿ ಸ್ವರ ಬರೆಯುವುದು ಅಪರಿಚಿತವಲ್ಲ. ಸಾ, ರೇ, ಗ, ಮ ಎಂದು ಬರೆಯುವ ನಮ್ಮ ಪದ್ಧತಿಯೇ ಅಕ್ಷರ ಆಧಾರಿತವಾದುದು. ಪಾಶ್ಚಾತ್ಯರ ಸ್ಟಾಫ್ ನೊಟೇಶನ್ ಐದು ಗೆರೆಗಳ ಚಿತ್ರವಾದರೆ, ನಮ್ಮದು ಓದುವ ಬರಹ. ಆದ್ದರಿಂದ ಈ ತಂತ್ರಾಂಶಗಳನ್ನು ಕಲಿಯುವಾಗ ಸರಗಮ್ ಬಲ್ಲವರಿಗೆ ಅರ್ಧ ದಾರಿ ಆಗಲೇ ಸವೆದಿರುತ್ತದೆ.

ಆಧುನಿಕ ಕಾಲದಲ್ಲಿ ಹಿಂದುಸ್ತಾನಿ ಸ್ವರಲಿಪಿಗೆ ವ್ಯವಸ್ಥಿತ ರೂಪ ಕೊಟ್ಟವರಲ್ಲಿ ಇಬ್ಬರು ಪ್ರಮುಖರು. ಒಬ್ಬರು ಪಂಡಿತ ವಿಷ್ಣು ನಾರಾಯಣ ಭಾತಖಂಡೆ (1860-1936). ಮರಾಠಿಯಲ್ಲಿ ರಚಿಸಿದ ಕ್ರಮಿಕ ಪುಸ್ತಕ ಮಾಲಿಕೆಯ 6 ಭಾಗಗಳಲ್ಲಿ ಅವರು ಹಳೆಯ ಚೀಜುಗಳನ್ನು ಸ್ವರಲಿಪಿ ಸಹಿತ ಸಂಗ್ರಹಿಸಿದರು. ಇನ್ನೊಬ್ಬರು ಪಂಡಿತ ವಿಷ್ಣು ದಿಗಂಬರ ಪಲುಸ್ಕರ್ (1872-1931). ಬೆಳಗಾವಿಯ ಉತ್ತರಕ್ಕೆ, ಇಂದಿನ ಕೊಲ್ಹಾಪುರ ಜಿಲ್ಲೆಯಲ್ಲಿರುವ ಕುರುಂದವಾಡದಲ್ಲಿ ಜನಿಸಿದ ಅವರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. ಅವರ ನಿಧನಾನಂತರ 1931ರಲ್ಲಿ ಶಿಷ್ಯರು ಕಟ್ಟಿದ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗಳು ಗಡಿಭಾಗದ ವಿದ್ಯಾರ್ಥಿಗಳಿಗೆ ಚಿರಪರಿಚಿತ.

ಹೀಗೆ ಈ ಪ್ರದೇಶಕ್ಕೆ ಎರಡೂ ಪದ್ಧತಿಗಳ ನಂಟು ಇದೆ. ಹಳೆಯ ವಹಿಯನ್ನು ಗಣಕೀಕರಿಸುವವರಿಗೆ ನಿಜವಾದ ಸವಾಲು ಎದುರಾಗುವುದೂ ಇಲ್ಲಿಯೇ.

ಒಂದೇ ಚಿಹ್ನೆ, ಎರಡು ಅರ್ಥ

ಭಾತಖಂಡೆ ಪದ್ಧತಿಯಲ್ಲಿ ಸ್ವರದ ಕೆಳಗೆ ಚುಕ್ಕೆಯಿದ್ದರೆ ಮಂದ್ರ ಸಪ್ತಕ, ಮೇಲೆ ಚುಕ್ಕೆಯಿದ್ದರೆ ತಾರ ಸಪ್ತಕ. ಪಲುಸ್ಕರ್ ಪದ್ಧತಿಯಲ್ಲಿ ಮೇಲಿನ ಚುಕ್ಕೆಯೇ ಮಂದ್ರದ ಗುರುತು. ತಾರ ಸಪ್ತಕಕ್ಕೆ ಸ್ವರದ ಮೇಲೆ ನೇರವಾದ ಒಂದು ಗೆರೆ. ಅದೇ ಗೆರೆ ಭಾತಖಂಡೆ ಪದ್ಧತಿಯಲ್ಲಿ ಮಧ್ಯಮದ ಮೇಲೆ ಬಂದರೆ ತೀವ್ರ ಮಧ್ಯಮ. ಒಂದು ಚುಕ್ಕೆಯನ್ನು ತಪ್ಪಾಗಿ ಓದಿದರೆ ಸ್ವರ ಎರಡು ಸಪ್ತಕಗಳಷ್ಟು ದೂರ ಜಿಗಿಯುತ್ತದೆ. ಒಂದು ಗೆರೆಯನ್ನು ತಪ್ಪಾಗಿ ಓದಿದರೆ ರಾಗವೇ ಬದಲಾಗಬಹುದು.

ತಾಳದ ಗುರುತುಗಳ ವಿಷಯ ಇನ್ನಷ್ಟು ಸೂಕ್ಷ್ಮ. ಭಾತಖಂಡೆ ಪದ್ಧತಿಯಲ್ಲಿ ಸಮ್‌ಗೆ ಗುಣಾಕಾರದ ಚಿಹ್ನೆ (×), ಖಾಲಿಗೆ ಸೊನ್ನೆ (0). ಪಲುಸ್ಕರ್ ಪದ್ಧತಿಯಲ್ಲಿ ಸಮ್‌ಗೆ 1 ಎಂಬ ಅಂಕೆ, ಖಾಲಿಗೆ ಸಂಕಲನದ ಚಿಹ್ನೆ (+). ಅವಸರದ ಕೈಬರಹದಲ್ಲಿ × ಮತ್ತು + ಒಂದೇ ತೆರನಾಗಿ ಕಾಣುವುದು ಸಹಜ. 16 ಮಾತ್ರೆಗಳ ತೀನತಾಳದಲ್ಲಿ ಸಮ್ ಮೊದಲ ಮಾತ್ರೆ, ಖಾಲಿ 9ನೆಯದು. ಇವೆರಡನ್ನು ಅದಲುಬದಲು ಮಾಡಿದರೆ ಇಡೀ ಚೀಜು 8 ಮಾತ್ರೆ ಸರಿದು ನಿಲ್ಲುತ್ತದೆ.

ಆದ್ದರಿಂದ ಕೀಲಿಮಣೆ ಮುಟ್ಟುವ ಮೊದಲು ವಹಿಯನ್ನು ಕೊನೆಯವರೆಗೆ ಒಮ್ಮೆ ತಿರುವಿ ನೋಡಿ, ಅದು ಯಾವ ಪದ್ಧತಿಯದೆಂದು ಗುರುತಿಸುವುದು ಅಗತ್ಯ. ಕೋಮಲ ಸ್ವರಗಳ ಕೆಳಗೆ ಅಡ್ಡಗೆರೆಯೂ, ಖಾಲಿಗೆ ಸೊನ್ನೆಯೂ ಇದ್ದರೆ ಅದು ಭಾತಖಂಡೆ ಪದ್ಧತಿ. ಕೋಮಲಕ್ಕೆ ಹಲಂತದಂಥ ಗುರುತು, ಸಮ್‌ನ ಕೆಳಗೆ 1, ಪ್ರತಿ ಸ್ವರಕ್ಕೂ ಕಾಲಮಾನದ ಪ್ರತ್ಯೇಕ ಚಿಹ್ನೆ ಕಂಡುಬಂದರೆ ಪಲುಸ್ಕರ್ ಪದ್ಧತಿ. ಎರಡನ್ನೂ ಬೆರೆಸಿ ಬರೆದ ವಹಿಗಳೂ ಇರಬಹುದು. ಸಂದೇಹ ಬಂದಲ್ಲಿ ಹಾಡಿ ನೋಡುವುದೇ ಪರೀಕ್ಷೆ. ಕಂಠಕ್ಕೆ ನಿಲುಕದ ಜಿಗಿತ ಬಂದರೆ ಓದಿದ್ದು ತಪ್ಪೆಂದು ತಿಳಿಯಬೇಕು.

ಲಿಲಿಪಾಂಡ್ ಮತ್ತು ಎಬಿಸಿ

ಅಕ್ಷರ ಆಧಾರಿತ ತಂತ್ರಾಂಶಗಳಲ್ಲಿ ಎರಡು ಹೆಸರುಗಳು ಮುಖ್ಯ. ಮೊದಲನೆಯದು ಲಿಲಿಪಾಂಡ್. ಹಾಲೆಂಡಿನ ಹಾನ್-ವೆನ್ ನಿಯೆನ್‌ಹಾಯ್ಸ್ ಹಾಗೂ ಯಾನ್ ನ್ಯೂವೆನ್‌ಹಾಯ್ಜೆನ್ ಎಂಬ ಇಬ್ಬರು ಸಂಗೀತಗಾರರು 1996ರಲ್ಲಿ ಇದನ್ನು ಆರಂಭಿಸಿದರು. ಇದು ಗ್ನೂ ಯೋಜನೆಗೆ ಸೇರಿದ ಮುಕ್ತ ತಂತ್ರಾಂಶವಾಗಿದ್ದು ಉಚಿತವಾಗಿ ದೊರೆಯುತ್ತದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಕೆಲಸ ಮಾಡುತ್ತದೆ. ಇದಕ್ಕೆ ಬರೆಯಲು ಫ್ರೆಸ್ಕೊಬಾಲ್ಡಿ ಎಂಬ ಸಂಪಾದಕವನ್ನು ಬಳಸಬಹುದು. ಅದರ ಒಂದು ಬದಿಯಲ್ಲಿ ಬರಹ, ಇನ್ನೊಂದು ಬದಿಯಲ್ಲಿ ಸಿದ್ಧವಾದ ಪುಟ ಕಾಣುತ್ತದೆ.

ಎರಡನೆಯದು ಎಬಿಸಿ. ಕ್ರಿಸ್ ವಾಲ್ಶಾ ರೂಪಿಸಿದ ಈ ಪದ್ಧತಿ ಮುಖ್ಯವಾಗಿ ಯುರೋಪಿನ ಜನಪದ ಧಾಟಿಗಳನ್ನು ಬರೆದಿಡಲು ಬಳಕೆಗೆ ಬಂದಿತು. ಒಂದೇ ಎಳೆಯ ಧಾಟಿಗೆ, ಎಂದರೆ ನಮ್ಮ ಸೋಬಾನೆ, ಲಾವಣಿ, ಭಜನೆಗಳಂಥ ಹಾಡುಗಳಿಗೆ, ಇದು ಸರಳವಾಗಿ ಒಗ್ಗುತ್ತದೆ. ಎಬಿಸಿಯಲ್ಲಿ ಸ್ವರಾಕ್ಷರದ ಹಿಂದೆ ಅಡಿಗೆರೆ ಹಾಕಿದರೆ ಸ್ವರ ಅರ್ಧ ಮೆಟ್ಟಿಲು ಇಳಿಯುತ್ತದೆ. ಕೋಮಲಕ್ಕೆ ಭಾತಖಂಡೆಯವರು ಆರಿಸಿಕೊಂಡ ಗುರುತೂ ಅಡಿಗೆರೆಯೇ ಆಗಿರುವುದರಿಂದ ನಮ್ಮವರಿಗೆ ಇದು ಬೇಗ ನೆನಪಿನಲ್ಲಿ ಉಳಿಯುತ್ತದೆ.

ಕಲಿಕೆಗೆ ಎಬಿಸಿ ಸುಲಭ. ಅಚ್ಚುಕಟ್ಟಾದ ಮುದ್ರಣ, ಕನ್ನಡ ಸಾಹಿತ್ಯದ ಸಾಲು, ತಾಳದ ಗುರುತು ಎಲ್ಲವೂ ಬೇಕೆಂದರೆ ಲಿಲಿಪಾಂಡ್ ಮೇಲು. ಮುಂದಿನ ವಿವರಣೆ ಲಿಲಿಪಾಂಡ್‌ಗೆ ಸಂಬಂಧಿಸಿದ್ದು.

ಮೊದಲ ಪಾಠ: ಸ್ವರ

ಲಿಲಿಪಾಂಡ್ ಸ್ವರಗಳಿಗೆ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಬಳಸುತ್ತದೆ. ಷಡ್ಜವನ್ನು ಸಿ ಎಂದು ಇಟ್ಟುಕೊಂಡರೆ ರೇ ಡಿ, ಗ ಇ, ಮ ಎಫ್, ಪ ಜಿ, ಧ ಎ, ನಿ ಬಿ ಆಗುತ್ತವೆ. ಅಕ್ಷರದ ಮುಂದೆ ಮೇಲ್ಗಡೆಯ ಅಲ್ಪಚಿಹ್ನೆ (') ಹಾಕಿದರೆ ಒಂದು ಸಪ್ತಕ ಮೇಲೆ, ಅಲ್ಪವಿರಾಮ (,) ಹಾಕಿದರೆ ಒಂದು ಸಪ್ತಕ ಕೆಳಗೆ. ಒಂದು ಅಲ್ಪಚಿಹ್ನೆಯಿರುವ ಸಪ್ತಕವನ್ನು ಮಧ್ಯ ಸಪ್ತಕವೆಂದು ನಿಶ್ಚಯಿಸಿಕೊಂಡರೆ ಎರಡು ಚಿಹ್ನೆಗಳದು ತಾರ, ಚಿಹ್ನೆಯೇ ಇಲ್ಲದ್ದು ಮಂದ್ರ. ಭೂಪ ರಾಗದ ಆರೋಹ ಹೀಗಾಗುತ್ತದೆ:

ಸಿ' ಡಿ' ಇ' ಜಿ' ಎ' ಸಿ''

ಕೋಮಲ ಸ್ವರಕ್ಕೆ ಅಕ್ಷರದ ಮುಂದೆ ಇ, ಎಸ್ ಎಂಬ ಎರಡು ಅಕ್ಷರಗಳನ್ನೂ, ತೀವ್ರಕ್ಕೆ ಐ, ಎಸ್ ಎಂಬ ಎರಡು ಅಕ್ಷರಗಳನ್ನೂ ಸೇರಿಸಬೇಕು. ಕೋಮಲ ರೇ ಎಂದರೆ ಡಿ-ಇ-ಎಸ್, ತೀವ್ರ ಮಧ್ಯಮ ಎಂದರೆ ಎಫ್-ಐ-ಎಸ್. ಅಕ್ಷರಗಳ ನಡುವೆ ತೆರಪು ಇರಬಾರದು. ಬೇಕೆನಿಸಿದವರು ಸ್ವರನಾಮಗಳನ್ನೇ ತಮಗೆ ಬೇಕಾದಂತೆ ಬದಲಿಸಿಕೊಳ್ಳಲೂ ಅವಕಾಶವಿದೆ. ಅರಬ್ಬೀ ಸಂಗೀತಕ್ಕೂ ತುರ್ಕಿಯ ಮಕಾಮ್ ಸಂಗೀತಕ್ಕೂ ಬೇಕಾದ ಸ್ವರನಾಮಗಳ ಕಡತಗಳು ತಂತ್ರಾಂಶದ ಜೊತೆಯಲ್ಲೇ ಬರುತ್ತವೆ.

ಎರಡನೆಯ ಪಾಠ: ಥಾಟ್

ಪುಟದ ಆರಂಭದಲ್ಲಿ ಯಾವ ಸ್ವರಗಳು ಕೋಮಲ, ಯಾವುದು ತೀವ್ರ ಎಂದು ತೋರಿಸುವ ಗುರುತನ್ನು 'ಕೀ' ಎಂಬ ಆದೇಶದಿಂದ ಕೊಡಬೇಕು. ಭಾತಖಂಡೆಯವರ 10 ಥಾಟ್‌ಗಳ ಪೈಕಿ 6 ಥಾಟ್‌ಗಳಿಗೆ ಲಿಲಿಪಾಂಡ್‌ನಲ್ಲಿ ಸಿದ್ಧ ಹೆಸರುಗಳಿವೆ. ಬಿಲಾವಲ್‌ಗೆ ಮೇಜರ್, ಕಲ್ಯಾಣಕ್ಕೆ ಲಿಡಿಯನ್, ಖಮಾಜ್‌ಗೆ ಮಿಕ್ಸೊಲಿಡಿಯನ್, ಕಾಫಿಗೆ ಡೋರಿಯನ್, ಆಸಾವರಿಗೆ ಮೈನರ್, ಭೈರವಿಗೆ ಫ್ರಿಜಿಯನ್. ಭೈರವ, ಪೂರ್ವಿ, ಮಾರವಾ, ತೋಡಿ ಥಾಟ್‌ಗಳಿಗೆ ಸಮಾನವಾದ ಪಾಶ್ಚಾತ್ಯ ಹೆಸರಿಲ್ಲ. ಅವುಗಳಲ್ಲಿ ಬಿಲಾವಲ್‌ನ ಗುರುತನ್ನೇ ಇಟ್ಟು ವಿಕೃತ ಸ್ವರಗಳ ಚಿಹ್ನೆಗಳನ್ನು ಬಂದಲ್ಲಿ ಬಂದಂತೆ ಮುದ್ರಿಸಿಕೊಳ್ಳುವುದು ಆರಂಭಿಕರಿಗೆ ಸುಲಭ.

ಹೊಸಬರು ಎಡವುವ ಜಾಗವೂ ಇದೇ. ಕಾಫಿ ಥಾಟ್‌ನ ಗುರುತು ಹಾಕಿದ ಮಾತ್ರಕ್ಕೆ ಮುಂದೆ ಬರೆದ ಇ ತಾನಾಗಿ ಕೋಮಲ ಗಾಂಧಾರ ಆಗುವುದಿಲ್ಲ. ಪ್ರತಿ ಸಲವೂ ಕೋಮಲವನ್ನು ಕೋಮಲವೆಂದೇ ಬರೆಯಬೇಕು. ಭೀಮಪಲಾಸದ ಚೀಜಿನಲ್ಲಿ ಗಾಂಧಾರ, ನಿಷಾದಗಳು ಬಂದಾಗಲೆಲ್ಲ ಇ-ಎಸ್ ಸೇರಿಸಲೇಬೇಕು. ಇದು ಕಿರಿಕಿರಿ ಎನಿಸಿದರೂ ಹಳೆಯ ವಹಿಯ ಮಟ್ಟಿಗೆ ಉಪಕಾರವೇ. ಈ ರಾಗಕ್ಕೆ ಇದು ಗೊತ್ತಿದ್ದದ್ದೇ ಎಂದು ಗುರುಗಳು ಗುರುತು ಹಾಕದೆ ಬಿಟ್ಟಲ್ಲಿ, ಈಗ ಬರೆಯುವವರು ನಿಂತು ಯೋಚಿಸಿ ನಿರ್ಧರಿಸಬೇಕಾಗುತ್ತದೆ.

ಮೂರನೆಯ ಪಾಠ: ಮಾತ್ರೆ ಮತ್ತು ತಾಳ

ಸ್ವರದ ಮುಂದೆ ಹಾಕುವ ಅಂಕೆ ಅದರ ಕಾಲವನ್ನು ಸೂಚಿಸುತ್ತದೆ. ಒಂದು ಮಾತ್ರೆಗೆ 4 ಎಂದು ಗೊತ್ತುಪಡಿಸಿಕೊಂಡರೆ ಅರ್ಧ ಮಾತ್ರೆಗೆ 8, ಕಾಲು ಮಾತ್ರೆಗೆ 16, ಎರಡು ಮಾತ್ರೆಗಳಿಗೆ 2, ನಾಲ್ಕು ಮಾತ್ರೆಗಳಿಗೆ 1. ಅಂಕೆ ದೊಡ್ಡದಾದಷ್ಟೂ ಕಾಲ ಕಿರಿದಾಗುತ್ತದೆ ಎಂಬುದನ್ನು ನೆನಪಿಡಬೇಕು. ಒಮ್ಮೆ ಹಾಕಿದ ಅಂಕೆ ಬದಲಾಯಿಸುವವರೆಗೂ ಮುಂದುವರಿಯುತ್ತದೆ. ಭಾತಖಂಡೆ ಪದ್ಧತಿಯಲ್ಲಿ ಒಂದೇ ಮಾತ್ರೆಗೆ ಸೇರಿದ ಸ್ವರಗಳ ಕೆಳಗೆ ಕಮಾನು ಇರುತ್ತದೆ. ಅದರೊಳಗೆ ಎರಡು ಸ್ವರಗಳಿದ್ದರೆ 8, ನಾಲ್ಕಿದ್ದರೆ 16 ಎಂದು ಬರೆದರಾಯಿತು. ಸ್ವರವನ್ನು ಮುಂದುವರಿಸುವ ಅಡ್ಡಗೆರೆ ಬಂದರೆ ಹಿಂದಿನ ಸ್ವರದ ಕಾಲವನ್ನು ಹೆಚ್ಚಿಸಬೇಕು.

ತಾಳದ ಪ್ರತಿ ವಿಭಾಗವನ್ನು ಒಂದು ಮನೆಯಾಗಿ ಇರಿಸಿಕೊಳ್ಳುವುದು ಅನುಕೂಲ. ತೀನತಾಳದಲ್ಲಿ ನಾಲ್ಕು ನಾಲ್ಕು ಮಾತ್ರೆಗಳ 4 ಮನೆಗಳು. ಝಪತಾಳದಲ್ಲಿ 2, 3, 2, 3 ಮಾತ್ರೆಗಳ ಮನೆಗಳು. ರೂಪಕದಲ್ಲಿ 3, 2, 2. ಪ್ರತಿ ಮನೆಯ ಕೊನೆಗೆ ನೇರಗೆರೆ (|) ಹಾಕಬೇಕು. ಈ ಗೆರೆ ಬರೀ ಅಲಂಕಾರವಲ್ಲ. ಅಲ್ಲಿಗೆ ಮಾತ್ರೆಗಳ ಲೆಕ್ಕ ಸರಿಹೋಗದಿದ್ದರೆ, ಇಂಥ ಸಾಲಿನಲ್ಲಿ ತಪ್ಪಿದೆ ಎಂದು ತಂತ್ರಾಂಶ ಎಚ್ಚರಿಸುತ್ತದೆ. ವಹಿಯಲ್ಲಿ ಒಂದು ಸ್ವರ ಅಳಿಸಿಹೋಗಿದ್ದರೆ ಅದು ಯಾವ ವಿಭಾಗದಲ್ಲಿ ಎಂಬುದು ಹೀಗೆ ಪತ್ತೆಯಾಗುತ್ತದೆ. ಕೈ ಮೇಲೆ ತಾಳ ಹಾಕುತ್ತ ಪಕ್ಕದಲ್ಲಿ ಕುಳಿತವರು ಮಾಡುವ ಕೆಲಸವನ್ನೇ ಇಲ್ಲಿ ಯಂತ್ರ ಮಾಡುತ್ತದೆ.

ಮಧ್ಯಲಯದ ಅನೇಕ ಚೀಜುಗಳು 9ನೆಯ ಮಾತ್ರೆಯಿಂದ ಆರಂಭವಾಗುತ್ತವೆ. ವಿಭಾಗವೇ ಮನೆಯಾದ್ದರಿಂದ ಅವುಗಳಿಗೆ ವಿಶೇಷ ಏರ್ಪಾಡು ಬೇಡ. ಮುಖಡಾ ವಿಭಾಗದ ನಡುವೆ ಎತ್ತಿಕೊಳ್ಳುವಂತಿದ್ದರೆ 'ಪಾರ್ಶಿಯಲ್' ಎಂಬ ಆದೇಶದಿಂದ ಮೊದಲ ಮನೆಯನ್ನು ಕಿರಿದುಗೊಳಿಸಬೇಕು. ಸಮ್, ಖಾಲಿಗಳ ಗುರುತನ್ನು ಆಯಾ ಸ್ವರದ ಮೇಲೆ ಉದ್ಧರಣ ಚಿಹ್ನೆಯೊಳಗೆ ಬರೆದು ಮುದ್ರಿಸಬಹುದು.

ನಾಲ್ಕನೆಯ ಪಾಠ: ಸಾಹಿತ್ಯ ಮತ್ತು ಲಿಪಿ

ಸ್ವರಗಳ ಕೆಳಗೆ ಹಾಡಿನ ಪದಗಳನ್ನು ಕೂರಿಸಲು 'ಆ್ಯಡ್‌ಲಿರಿಕ್ಸ್' ಎಂಬ ಆದೇಶವಿದೆ. ಪದವನ್ನು ಉಚ್ಚಾರದ ತುಣುಕುಗಳಾಗಿ ಬಿಡಿಸಿ ನಡುವೆ ಎರಡು ಅಡ್ಡಗೆರೆ (--) ಹಾಕಬೇಕು. ಕನ್ನಡದಲ್ಲಿ ಒತ್ತಕ್ಷರವನ್ನು ಒಡೆಯಬಾರದು. ಸ್ವರ ಎಂಬ ಪದ 'ಸ್ವ -- ರ' ಆಗಬೇಕೇ ಹೊರತು ಬೇರೆ ರೀತಿಯಲ್ಲಿ ಅಲ್ಲ.

ಒಂದೇ ಧಾಟಿಯ ಕೆಳಗೆ ಹಲವು ಸಾಲುಗಳನ್ನು ಇಡಬಹುದಾಗಿದೆ. ಮೊದಲ ಸಾಲಿನಲ್ಲಿ ಸಾ, ರೇ, ಗ ಎಂದು ಕನ್ನಡದ ಸ್ವರಾಕ್ಷರ, ಎರಡನೆಯದರಲ್ಲಿ ಕನ್ನಡ ಲಿಪಿಯ ಸಾಹಿತ್ಯ, ಮೂರನೆಯದರಲ್ಲಿ ದೇವನಾಗರಿ ಸಾಹಿತ್ಯ. ಕನ್ನಡ, ಮರಾಠಿ, ಕೊಂಕಣಿ ಮಾತನಾಡುವವರು ಒಂದೇ ತರಗತಿಯಲ್ಲಿ ಕೂಡುವ ಬೆಳಗಾವಿ, ಖಾನಾಪುರಗಳಿಗೆ ಈ ಸೌಲಭ್ಯದ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ. ಸ್ಟಾಫ್ ನೊಟೇಶನ್ ಓದುವ ಕೀಬೋರ್ಡ್ ವಾದಕರು, ಚರ್ಚಿನ ಗಾಯನವೃಂದದವರು, ಸೇನಾ ಬ್ಯಾಂಡಿನ ವಾದಕರು ಮೇಲಿನ ಐದು ಗೆರೆಗಳನ್ನು ನೋಡಿ ನುಡಿಸಬಲ್ಲರು. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಕೇಂದ್ರ ಇರುವ ನಗರದಲ್ಲಿ ಇಂಥ ಓದುಗರಿಗೆ ಕೊರತೆಯಿಲ್ಲ.

ಕನ್ನಡ ಬರೆಯುವಾಗ ಯೂನಿಕೋಡ್ ಕಡ್ಡಾಯ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪಿಸಿದ ಕಡತಗಳು ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಒಂದು ತಲೆಮಾರಿನ ಕನ್ನಡ ಟೈಪಿಂಗ್ ಕಲಿಸಿದ ಈ ಪಾಠವನ್ನು ಸಂಗೀತದಲ್ಲಿ ಮರಳಿ ಕಲಿಯುವುದು ಬೇಡ.

ಶ್ರುತಿ ಬದಲಾವಣೆ

ಗಾಯಕರ ಷಡ್ಜ ಒಬ್ಬೊಬ್ಬರದು ಒಂದೊಂದು. ಚೀಜನ್ನು ಸಿಯಲ್ಲಿ, ಎಂದರೆ ಹಾರ್ಮೋನಿಯಂನ ಬಿಳಿ ಒಂದರಲ್ಲಿ, ಒಮ್ಮೆ ಬರೆದಿಟ್ಟರೆ ಸಾಕು. ಬಿಳಿ ಎರಡರಲ್ಲಿ ಹಾಡುವವರಿಗೆ ಷಡ್ಜ ಡಿ, ಕಪ್ಪು ನಾಲ್ಕರಲ್ಲಿ ಹಾಡುವವರಿಗೆ ಜಿ-ಐ-ಎಸ್ ಎಂದು 'ಟ್ರಾನ್ಸ್‌ಪೋಸ್' ಆದೇಶದಲ್ಲಿ ತಿಳಿಸಿದರೆ ಇಡೀ ಪುಟ ಬದಲಾಗಿ ಬರುತ್ತದೆ. ಮೂಲ ಕಡತವನ್ನು ಮುಟ್ಟಬೇಕಾಗಿಲ್ಲ.

ಬರೆದುದನ್ನು ಮಿಡಿ ಕಡತವಾಗಿ ಪರಿವರ್ತಿಸಿ ಕೇಳಲೂ ಬರುತ್ತದೆ. ಕಣ್ಣಿಗೆ ತಪ್ಪಿದ ಅಪಸ್ವರ ಕಿವಿಗೆ ಸಿಕ್ಕಿಬೀಳುತ್ತದೆ. ಆದರೆ ಇದನ್ನು ಗಾಯನದ ಮಾದರಿಯೆಂದು ಭಾವಿಸಬಾರದು. ಯಂತ್ರ ನುಡಿಸುವುದು ಸಮವಾಗಿ ಹಂಚಿದ 12 ಸ್ವರಗಳನ್ನು. ದರಬಾರಿಯ ಆಂದೋಲಿತ ಗಾಂಧಾರ ಅದರಲ್ಲಿ ಸಿಗದು. ಮೀಂಡಿಗೆ ಗ್ಲಿಸಾಂಡೊ, ಕಣಸ್ವರಕ್ಕೆ ಗ್ರೇಸ್ ಎಂಬ ಆದೇಶಗಳಿದ್ದರೂ ಅವು ಗುರುತುಗಳು ಮಾತ್ರ. ಭಾತಖಂಡೆಯವರ ಪುಸ್ತಕಕ್ಕೂ ಇದೇ ಮಿತಿಯಿತ್ತು. ಸ್ವರಲಿಪಿ ಚೀಜಿನ ಎಲುಬಿನ ಹಂದರವನ್ನು ಕಾಯುತ್ತದೆ, ಉಳಿದುದನ್ನು ಗುರುಮುಖದಿಂದಲೇ ಪಡೆಯಬೇಕು.

ಹಕ್ಕು ಮತ್ತು ಎಚ್ಚರಿಕೆ

ಸ್ವಂತ ಅಭ್ಯಾಸಕ್ಕೆ ಬರೆದಿಟ್ಟುಕೊಳ್ಳುವುದು ಬೇರೆ, ಪ್ರಕಟಿಸುವುದು ಬೇರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ರಚನಕಾರರ ನಿಧನದ ಮರುವರ್ಷದಿಂದ 60 ವರ್ಷಗಳ ಕಾಲ ಹಕ್ಕು ಇರುತ್ತದೆ. 1936ರಲ್ಲಿ ನಿಧನರಾದ ಭಾತಖಂಡೆಯವರ ಸ್ವಂತ ರಚನೆಗಳ ಹಕ್ಕು ಅವಧಿ ಮುಗಿದಿದೆ. 1992ರಲ್ಲಿ ನಿಧನರಾದ ಕುಮಾರ ಗಂಧರ್ವರು ಸ್ವತಃ ರಚಿಸಿದ ಬಂದಿಶ್‌ಗಳು 1965ರಲ್ಲಿ ಅನೂಪರಾಗವಿಲಾಸ ಎಂಬ ಗ್ರಂಥವಾಗಿ ಹೊರಬಂದವು. ಅವುಗಳ ಹಕ್ಕು 2052ರ ಅಂತ್ಯದವರೆಗೆ ಇರುತ್ತದೆ. ಗುರುಗಳು ಸ್ವತಃ ರಚಿಸಿದ ಚೀಜುಗಳನ್ನು ಹಂಚುವ ಮುನ್ನ ಅವರ ಅಥವಾ ಅವರ ಕುಟುಂಬದ ಒಪ್ಪಿಗೆ ಪಡೆಯುವುದು ಕಾನೂನಿನ ದೃಷ್ಟಿಯಿಂದಲೂ ಮರ್ಯಾದೆಯ ದೃಷ್ಟಿಯಿಂದಲೂ ಸರಿ.

ಕಡತ ಉಳಿಯಬೇಕಾದರೆ ಕೆಲವು ನಿಯಮಗಳನ್ನು ಪಾಲಿಸಬೇಕು. ಮೊದಲ ಸಾಲಿನಲ್ಲಿ ತಂತ್ರಾಂಶದ ಆವೃತ್ತಿ ಸಂಖ್ಯೆಯನ್ನು ನಮೂದಿಸಬೇಕು. ಮುಂದೆ ಹೊಸ ಆವೃತ್ತಿ ಬಂದಾಗ ಹಳೆಯ ಬರಹವನ್ನು ಪರಿವರ್ತಿಸುವ ಸಾಧನ ಅದನ್ನು ನೋಡಿಯೇ ಕೆಲಸ ಮಾಡುತ್ತದೆ. ಅದರ ಕೆಳಗೆ ರಾಗ, ತಾಳ, ಕಲಿಸಿದವರ ಹೆಸರು, ವಹಿಯ ಪುಟಸಂಖ್ಯೆ, ಮೂಲ ಯಾವ ಪದ್ಧತಿಯಲ್ಲಿತ್ತು ಎಂಬುದನ್ನು ಟಿಪ್ಪಣಿಯಾಗಿ ಬರೆಯಬೇಕು. ಶೇಕಡಾ ಚಿಹ್ನೆಯಿಂದ (%) ಆರಂಭವಾದುದನ್ನು ತಂತ್ರಾಂಶ ಸ್ವರವೆಂದು ಎಣಿಸದೆ ಟಿಪ್ಪಣಿಯೆಂದು ಬಿಡುತ್ತದೆ. ಊಹಿಸಿ ತುಂಬಿದ ಸ್ವರವಿದ್ದರೆ ಅದನ್ನೂ ಟಿಪ್ಪಣಿಯಲ್ಲಿ ಒಪ್ಪಿಕೊಳ್ಳಬೇಕು. ಮುಂದೊಂದು ದಿನ ಇದನ್ನು ನೋಡಿ ಹಾಡುವವರಿಗೆ ಗುರುವಿನ ಸ್ವರ ಯಾವುದು, ಟೈಪಿಸಿದವರ ಊಹೆ ಯಾವುದು ಎಂದು ತಿಳಿಯುವ ಬೇರೆ ಮಾರ್ಗವಿರುವುದಿಲ್ಲ.

ಒಂದು ಚೀಜಿನ ಇಂಥ ಕಡತ ಕೆಲವೇ ಕಿಲೋಬೈಟ್‌ಗಳಷ್ಟು ಇರುತ್ತದೆ. ತಂತ್ರಾಂಶವನ್ನು ಒಮ್ಮೆ ಸ್ಥಾಪಿಸಿಕೊಂಡ ಮೇಲೆ ಅಂತರ್ಜಾಲವೂ ಬೇಕಾಗುವುದಿಲ್ಲ. ಸಂಪರ್ಕ ದುರ್ಬಲವಾದ ಕಾಡಂಚಿನ ಊರಿನಲ್ಲಿ ಕುಳಿತು ಬರೆದು, ಸಾಮಾನ್ಯ ಮಿಂಚಂಚೆಯಲ್ಲಿ ಬೆಳಗಾವಿಗೆ ಕಳುಹಿಸಬಹುದು. ತಂತ್ರಾಂಶವೇ ಇಲ್ಲವಾದರೂ ಬರಹ ಬರಹವಾಗಿಯೇ ಉಳಿಯುವುದರಿಂದ ಯಾವ ಗಣಕದಲ್ಲಾದರೂ ತೆರೆದು ಸ್ವರಗಳನ್ನು ಓದಬಹುದು.

ಕಲಿಯಬಯಸುವವರು ಚೆನ್ನಾಗಿ ಬಾಯಿಪಾಠವಿರುವ ಒಂದು ಚೀಜನ್ನು ಆರಿಸಿಕೊಂಡು, ಮೊದಲು ಸ್ಥಾಯಿಯನ್ನಷ್ಟೇ ಬರೆದು ನೋಡುವುದು ಒಳಿತು. ಅದು ಸರಿಬಂದ ಬಳಿಕ ಅಂತರಾ, ನಂತರ ವಹಿ. ಗಣಕೀಕರಣ ಮುಗಿದ ಮೇಲೂ ಮೂಲ ವಹಿಯನ್ನು ಎಸೆಯಬಾರದು. ಚುಕ್ಕೆಯೊಂದರ ಬಗ್ಗೆ ಸಂದೇಹ ಬಂದ ದಿನ ತೀರ್ಪು ಹೇಳಬೇಕಾದದ್ದು ಅದೇ.